ಹಾಲಿನ ವಾಹನದ ಡೀಸೆಲ್ ಸೋರಿಕೆ: ಪತ್ತೆ ಮತ್ತು ದುರಸ್ತಿ

(ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸ)



ಮೇವು, ತಳಿ, ಕರುಗಳ ಪಾಲನೆ ಇವುಗಳ ಬಗ್ಗೆ ನೀವು ಅನೇಕ ಸಲ ಕೇಳಿದ್ದೀರಿ. ಈ ದಿನ ನಿಮ್ಮ ಹಾಲನ್ನು ಹೊತ್ತು ತರುವ ವಾಹನದ ಡೀಸೆಲ್ ಸೋರಿಕೆಯ ಬಗ್ಗೆ ಮಾತನಾಡುತ್ತೇನೆ. ಅದು ಡ್ರೈವರಿನ ಕೆಲಸ, ನಮಗೇಕೆ ಎಂದು ನೀವು ಕೇಳಬಹುದು. ಬೆಳಿಗ್ಗೆ ಕರೆದ ಹಾಲಿನಲ್ಲಿ ಗಂಟೆ ಕಳೆದಂತೆ ಸೂಕ್ಷ್ಮಜೀವಿಗಳು ಹೆಚ್ಚುತ್ತಾ ಹೋಗುತ್ತವೆ. ವಾಹನ ದಾರಿಯಲ್ಲಿ ನಿಂತರೆ ಕ್ಯಾನಿನ ಹಾಲು ಬಿಸಿಲಿಗೆ ಹುಳಿಯಾಗುತ್ತದೆ. ಹುಳಿ ಹಾಲಿಗೆ ಪೂರ್ಣ ದರ ಸಿಗುವುದಿಲ್ಲ. ಕೆಟ್ಟದ್ದು ವಾಹನವಾದರೂ ನಷ್ಟ ನಿಮ್ಮ ಬಟವಾಡೆಯಲ್ಲಿ ಕಾಣಿಸುತ್ತದೆ. ಸಂಘದ ಜನರೇಟರ್, ನಿಮ್ಮ ಮನೆಯ ಟ್ರ್ಯಾಕ್ಟರ್ ಇವುಗಳಿಗೂ ಈ ಮಾತುಗಳೇ ಅನ್ವಯಿಸುತ್ತವೆ.

ಎರಡು ಬಗೆಯ ಸೋರಿಕೆ

ಮೊದಲು ಡೀಸೆಲ್ ಹರಿಯುವ ದಾರಿಯನ್ನು ತಿಳಿಯೋಣ. ಟ್ಯಾಂಕಿನಿಂದ ಫೀಡ್ ಪಂಪು ಡೀಸೆಲ್ಲನ್ನು ಎಳೆಯುತ್ತದೆ. ಅಲ್ಲಿಂದ ಅದು ಫಿಲ್ಟರಿಗೆ, ಫಿಲ್ಟರಿನಿಂದ ಇಂಜೆಕ್ಷನ್ ಪಂಪಿಗೆ, ಅಲ್ಲಿಂದ ಸಣ್ಣ ಉಕ್ಕಿನ ಪೈಪುಗಳ ಮೂಲಕ ನಾಝಲ್‌ಗಳಿಗೆ ಹೋಗುತ್ತದೆ. ಮಿಕ್ಕಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ.

ಫೀಡ್ ಪಂಪಿನ ಮುಂದೆ ಡೀಸೆಲ್ಲಿಗೆ ಒತ್ತಡವಿರುತ್ತದೆ. ಅಲ್ಲಿ ಸಡಿಲವಾದರೆ ಡೀಸೆಲ್ ಹೊರಗೆ ತೊಟ್ಟಿಕ್ಕುತ್ತದೆ. ಫೀಡ್ ಪಂಪಿನ ಹಿಂದೆ, ಅಂದರೆ ಟ್ಯಾಂಕಿನ ಕಡೆ, ಎಳೆತವಿರುತ್ತದೆ. ಅಲ್ಲಿ ಸಡಿಲವಾದರೆ ಇಂಜಿನ್ ಓಡುವಾಗ ಗಾಳಿ ಒಳಗೆ ಸೇರುತ್ತದೆ, ಹೊರಗೆ ಒಂದು ಹನಿಯೂ ಕಾಣದೇ ಇರಬಹುದು. ನಿಮ್ಮ ಬಾವಿಯ ಪಂಪ್‌ಸೆಟ್ಟನ್ನು ನೆನೆಯಿರಿ. ಸಕ್ಷನ್ ಪೈಪಿಗೆ ಸಣ್ಣ ತೂತು ಬಿದ್ದರೆ ಮೋಟಾರ್ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ಇಲ್ಲಿಯೂ ಹಾಗೆಯೇ. ಇದನ್ನೇ ಡ್ರೈವರುಗಳು "ಏರ್ ಹಿಡಿದಿದೆ" ಎನ್ನುತ್ತಾರೆ.

ಕೆಚ್ಚಲು ಊದಿಕೊಂಡರೆ ನೀವು ಕೂಡಲೇ ಡಾಕ್ಟರನ್ನು ಕರೆಯುತ್ತೀರಿ. ಆದರೆ ಹೊರಗೆ ಕಾಣದ ಕೆಚ್ಚಲು ಬಾವು ತಿಂಗಳುಗಟ್ಟಲೆ ಹಾಲನ್ನು ತಿನ್ನುತ್ತದೆ. ತೊಟ್ಟಿಕ್ಕುವ ಸೋರಿಕೆ ಹಣ ತಿನ್ನುತ್ತದೆ. ತೊಟ್ಟಿಕ್ಕದ ಸೋರಿಕೆ ದಾರಿಯಲ್ಲಿ ವಾಹನ ನಿಲ್ಲಿಸಿ ಹಾಲು ಕೆಡಿಸುತ್ತದೆ. ಎರಡನ್ನೂ ಹುಡುಕಬೇಕು.

ಹನಿಯ ಲೆಕ್ಕ

ಟ್ಯಾಂಕಿನ ಕೆಳಗೆ ಒಂದು ಡಬ್ಬಿ ಇಟ್ಟು ನೋಡಿ. ಗಂಟೆಗೆ 10 ಮಿಲಿ ಲೀಟರ್ ಬಿದ್ದರೂ ದಿನಕ್ಕೆ 240 ಮಿ.ಲೀ., 30 ದಿನಕ್ಕೆ 7 ಲೀಟರ್ 200 ಮಿ.ಲೀ. ಆಯಿತು. ಟ್ಯಾಂಕಿನ ಸೋರಿಕೆಗೆ ಹಗಲು ರಾತ್ರಿ ಎಂಬುದಿಲ್ಲ. ವಾಹನ ನಿಂತಿದ್ದರೂ ಸೋರುತ್ತಿರುತ್ತದೆ.

ಪತ್ತೆ ಮಾಡುವ ಕ್ರಮ

ಹನಿ ಬೀಳುವ ಜಾಗವೇ ಸೋರುವ ಜಾಗ ಎಂದು ತಿಳಿಯಬಾರದು. ಮನೆಯ ಮಾಡು ಒಂದು ಕಡೆ ಸೋರಿ, ನೀರು ತೊಲೆಯ ಗುಂಟ ಹರಿದು ಇನ್ನೊಂದು ಕಡೆ ಬೀಳುತ್ತದೆ. ಡೀಸೆಲ್ ಕೂಡ ಹಾಗೆ. ಅದು ಪೈಪಿನ ಮೇಲೆ ಹರಿಯುತ್ತದೆ, ಗಾಳಿಗೆ ಹಿಂದಕ್ಕೆ ಹಾರುತ್ತದೆ, ಧೂಳು ಹಿಡಿದು ಎಲ್ಲವೂ ಒಂದೇ ಕಪ್ಪಾಗುತ್ತದೆ. ಆದ್ದರಿಂದ ಹೀಗೆ ಮಾಡಿ:

1. ವಾಹನವನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆರಲು ಬಿಡಿ. ಬೀಡಿ, ಸಿಗರೇಟು ಹತ್ತಿರ ಬರಕೂಡದು.

2. ಸೋಪಿನ ನೀರಿನಿಂದ ತೊಳೆದು ಬಟ್ಟೆಯಿಂದ ಒರೆಸಿ ಒಣಗಿಸಿ. ಪೆಟ್ರೋಲ್ ಹಾಕಿ ತೊಳೆಯಬೇಡಿ.

3. ಇಂಜಿನ್ ನಿಂತಿರುವಾಗಲೇ ಟ್ಯಾಂಕಿನ ಬೆಸುಗೆ, ಡ್ರೈನ್ ಪ್ಲಗ್, ಪಟ್ಟಿ ಉಜ್ಜುವ ಜಾಗ ನೋಡಿ. ಟ್ಯಾಂಕ್ ತುಂಬಿದಾಗ ಮಾತ್ರ ಸೋರಿದರೆ ದೋಷ ಮೇಲ್ಭಾಗದಲ್ಲಿ, ಮುಚ್ಚಳ ಅಥವಾ ಮೀಟರ್ ಫ್ಲೋಟಿನ ಗ್ಯಾಸ್ಕೆಟ್ಟಿನಲ್ಲಿ ಇರುತ್ತದೆ.

4. ಒಣಗಿದ ಜೋಡಣೆಗಳಿಗೆ ಸೀಮೆಸುಣ್ಣದ ಪುಡಿ ಸವರಿ, ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಇಂಜಿನ್ ನಿಧಾನವಾಗಿ ಓಡಿಸಿ. ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಪುಡಿ ಮೊದಲು ಒದ್ದೆಯಾದ ಜಾಗವೇ ಸೋರಿಕೆಯ ಮೂಲ.

5. ಹನಿ ಇಲ್ಲ, ಆದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದು ಕಷ್ಟ, ಏರಿನಲ್ಲಿ ಇಂಜಿನ್ ತಡವರಿಸುತ್ತದೆ ಎಂದಾದರೆ ಗಾಳಿಯನ್ನು ಸಂಶಯಿಸಿ. ಟ್ಯಾಂಕಿನಿಂದ ಬರುವ ಪೈಪನ್ನು ಬಿಡಿಸಿ, ಫೀಡ್ ಪಂಪಿಗೆ ಬೇರೊಂದು ಒಳ್ಳೆಯ ಪೈಪು ಜೋಡಿಸಿ, ಅದರ ತುದಿಯನ್ನು ಶುದ್ಧ ಡೀಸೆಲ್ ಇರುವ ಡಬ್ಬಿಯಲ್ಲಿ ಮುಳುಗಿಸಿ. ಗಾಳಿ ತೆಗೆದ ನಂತರ ಇಂಜಿನ್ ಸರಿಯಾಗಿ ಓಡಿದರೆ ದೋಷ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆ.

6. ಡಿಪ್‌ಸ್ಟಿಕ್ ಎಳೆದು ನೋಡಿ. ಇಂಜಿನ್ ಆಯಿಲಿನ ಮಟ್ಟ ತಾನಾಗಿಯೇ ಏರಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಒಳಗೇ ಸೋರಿ ಆಯಿಲಿಗೆ ಬೆರೆಯುತ್ತಿದೆ. ಆಯಿಲ್ ತೆಳುವಾಗಿ ಬೇರಿಂಗುಗಳು ಸವೆಯುತ್ತವೆ. ಆ ವಾಹನ ನೇರ ವರ್ಕ್‌ಶಾಪಿಗೆ ಹೋಗಬೇಕು.

ದುರಸ್ತಿ

ಜೋಡಣೆಗಳಲ್ಲಿ ಸೋರಿದರೆ ಮೊದಲು ಅಲ್ಲಿನ ತಾಮ್ರದ ವಾಷರ್ ನೋಡಬೇಕು. ಒಮ್ಮೆ ಒತ್ತಿ ಗಟ್ಟಿಯಾದ ವಾಷರ್ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಸೋರುತ್ತಿದೆಯೆಂದು ಬೋಲ್ಟನ್ನು ಬಲವಂತವಾಗಿ ಬಿಗಿದರೆ ಮರೆ ಹೋಗಿ ಹತ್ತು ರೂಪಾಯಿಯ ಕೆಲಸ ಸಾವಿರಕ್ಕೆ ಏರುತ್ತದೆ. ಫಿಲ್ಟರ್ ಬದಲಿಸುವಾಗ ರಬ್ಬರ್ ರಿಂಗನ್ನೂ ಬದಲಿಸಿ. ಬಿರುಕು ಬಿಟ್ಟ ರಬ್ಬರ್ ಪೈಪಿಗೆ ತಂತಿ ಸುತ್ತಬೇಡಿ. ಡೀಸೆಲ್ಲಿಗೆಂದೇ ಮಾಡಿದ ಪೈಪು ಹಾಕಿ ಕ್ಲಿಪ್ಪು ಬಿಗಿಯಿರಿ. ನಾಝಲ್ಲಿನ ಉಕ್ಕಿನ ಪೈಪು ಒಡೆದರೆ ಬೆಸುಗೆ ಹಾಕಿಸಬಾರದು, ಹೊಸದನ್ನೇ ಹಾಕಬೇಕು.

ಟ್ಯಾಂಕಿನ ತೂತಿಗೆ ಬಟ್ಟೆ ಸೋಪು ಮೆತ್ತುವ ಪದ್ಧತಿ ಇದೆ. ಮುಂದಿನ ಊರು ಸೇರುವ ತನಕ ಅದು ನಡೆದೀತು, ದುರಸ್ತಿ ಎನಿಸಿಕೊಳ್ಳದು. ಖಾಲಿ ಎಂದು ಕಾಣುವ ಟ್ಯಾಂಕಿನೊಳಗೂ ಡೀಸೆಲ್ ಆವಿ ಇರುತ್ತದೆ. ಅದನ್ನು ಇಳಿಸಿ, ಪೂರ್ತಿ ತೊಳೆದು ಆವಿ ಹೊರಹಾಕದೆ ವೆಲ್ಡಿಂಗ್ ಮಾಡಿದರೆ ಸಿಡಿದು ಜೀವ ಹೋಗಬಹುದು. ಇದನ್ನು ತಿಳಿದವರಿಂದಲೇ ಮಾಡಿಸಿ.

ದುರಸ್ತಿಯ ನಂತರ ಗಾಳಿ ತೆಗೆಯಬೇಕು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವ ತನಕ ಕೈಪಂಪು ಒತ್ತಿ ಬಿಗಿಯಿರಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂವಿಗೂ ಹಾಗೆಯೇ ಮಾಡಿ.

ಎಚ್ಚರಿಕೆಗಳು

ಈವರೆಗೆ ಹೇಳಿದ ಬಿಚ್ಚುವ, ಗಾಳಿ ತೆಗೆಯುವ ಕ್ರಮ ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ವಾಹನಗಳಿಗೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಡೀಸೆಲ್ ವಾಹನಗಳಲ್ಲಿ ಕಾಮನ್ ರೈಲ್ ವ್ಯವಸ್ಥೆ ಇದೆ. ಲಾರಿ ಟೈರಿನ ಗಾಳಿಯ ಒತ್ತಡ ಸುಮಾರು 8 ಬಾರ್. ಈ ಪೈಪುಗಳಲ್ಲಿ ಅದು 1,500 ಬಾರ್ ದಾಟಬಲ್ಲದು. ಅವುಗಳ ನಟ್ಟು ಮುಟ್ಟದೆ ತರಬೇತಿ ಪಡೆದ ಮೆಕ್ಯಾನಿಕ್‌ಗೆ ಒಪ್ಪಿಸಿ.

ಯಾವುದೇ ವಾಹನವಿರಲಿ, ಓಡುವ ಇಂಜಿನ್ನಿನ ನಾಝಲ್ ಪೈಪಿನ ಮೇಲೆ ಬೆರಳಾಡಿಸಿ ಸೋರಿಕೆ ಹುಡುಕಬೇಡಿ. ಕಣ್ಣಿಗೆ ಕಾಣದ ಡೀಸೆಲ್ ಎಳೆ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟಿದ್ದರೂ, ನೋವಿಲ್ಲದಿದ್ದರೂ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳು, ಕೈ ಕಳೆದುಕೊಳ್ಳಬೇಕಾದೀತು. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಡೀಸೆಲ್ ಚಿಮ್ಮುತ್ತಿದ್ದರೆ ಬೆಂಕಿ ಹತ್ತುತ್ತದೆ. ಅಂತಹ ವಾಹನವನ್ನು ಮುಂದೆ ಓಡಿಸಲು ಬಿಡಬೇಡಿ.

ನೆಲಕ್ಕೆ ಚೆಲ್ಲಿದ ಡೀಸೆಲ್ ಮೇಲೆ ಮರಳು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ ತೆಗೆಯಿರಿ. ದನ ಕುಡಿಯುವ ನೀರಿಗೆ ಅದು ಸೇರಬಾರದು. ಡೀಸೆಲ್ ದನದ ಹೊಟ್ಟೆಗೆ ಹೋದರೆ ಶ್ವಾಸಕೋಶಕ್ಕೂ ಇಳಿದು ನ್ಯುಮೋನಿಯಾ ಆಗಬಹುದು. ಹಾಲು ಪರವಾಸನೆಯನ್ನು ಬೇಗ ಹಿಡಿಯುತ್ತದೆ. ಡೀಸೆಲ್ ಮುಟ್ಟಿದ ಕೈಯಲ್ಲಿ ಕ್ಯಾನಿನ ಮುಚ್ಚಳ ಮುಟ್ಟಬಾರದು, ಡೀಸೆಲ್ ಡಬ್ಬಿಯನ್ನು ಕ್ಯಾನುಗಳ ಜೊತೆ ಇಡಬಾರದು.

ಬಂಧುಗಳೇ, ನಿಮ್ಮೆಲ್ಲರನ್ನೂ ಮೆಕ್ಯಾನಿಕ್ ಆಗಿ ಎಂದು ನಾನು ಹೇಳುತ್ತಿಲ್ಲ. ವಾಹನ ಸಂಘದ ಮುಂದೆ ನಿಂತು ಹೊರಟ ಮೇಲೆ ನೆಲವನ್ನೊಮ್ಮೆ ನೋಡಿ. ಹಸಿ ಕಲೆ ಕಂಡರೆ ಡ್ರೈವರಿಗೆ ತಿಳಿಸಿ. ವಾಹನ ಬಂದ ಸಮಯವನ್ನು ಪ್ರತಿದಿನ ಪುಸ್ತಕದಲ್ಲಿ ಬರೆಯುವಂತೆ ಕಾರ್ಯದರ್ಶಿಗಳಿಗೆ ಹೇಳಿ. "ಏರ್ ಹಿಡಿಯಿತು" ಎಂಬ ಕಾರಣ ವಾರದಲ್ಲಿ ಎರಡು ಸಲ ಬಂದರೆ ಗಾಳಿ ತೆಗೆದದ್ದು ಸಾಲದು, ಗಾಳಿ ಬಂದ ದಾರಿ ಮುಚ್ಚಿಲ್ಲ ಎಂದು ತಿಳಿದು ಒಕ್ಕೂಟಕ್ಕೆ ಬರೆಯಿರಿ. ಡ್ರೈವರ್ ಮೇಲೆ ಕೂಗಾಡುವುದಕ್ಕಿಂತ ಆ ಒಂದು ಚೀಟಿ ನಿಮ್ಮ ಹಾಲನ್ನು ಹೆಚ್ಚು ಕಾಯುತ್ತದೆ.