ನೆನಪು ಸರಿಯಿದೆ, ನಡತೆ ಬದಲಾಗಿದೆ
(ಗಾದಿಗನೂರಿನಲ್ಲಿ ರೋಗಿಗಳ ಬಂಧುಗಳಿಗೆ ನೀಡಿದ ಉಪನ್ಯಾಸ)



ಮನೆಯ ಯಜಮಾನರಿಗೆ ನೆನಪು ಚೆನ್ನಾಗಿದೆ, ಲೆಕ್ಕವೂ ತಪ್ಪುವುದಿಲ್ಲ. ಆದರೆ ಸಾವಿನ ಮನೆಯಲ್ಲಿ ನಗುತ್ತಾರೆ. ಹೆಂಡತಿ ಅಳುತ್ತಿದ್ದರೂ ಊಟ ಕೇಳುತ್ತಾರೆ. ಕಲ್ಲುಮನಸ್ಸಿನವರೆಂದು ಬೈಯಬೇಡಿ. ಇದು ಮಿದುಳಿನ ಕಾಯಿಲೆ ಇರಬಹುದು. ಫ್ರಂಟೊಟೆಂಪೊರಲ್ ಡಿಮೆನ್ಶಿಯಾ ಎಂಬ ಈ ರೋಗ ಹೆಚ್ಚಾಗಿ 45ರಿಂದ 65ರ ವಯಸ್ಸಿನಲ್ಲಿ ಶುರುವಾಗುತ್ತದೆ. ಹಲವರಲ್ಲಿ ಮೊದಲು ಕುಂದುವುದು ನೆನಪಲ್ಲ, ಇನ್ನೊಬ್ಬರ ಮನಸ್ಸು ಅರಿಯುವ ಶಕ್ತಿ.

ಈ ಶಕ್ತಿಯನ್ನು ಪರೀಕ್ಷಿಸಲು ರಕ್ತ ತೆಗೆಯುವುದಿಲ್ಲ. ಸಂತೋಷ, ದುಃಖ, ಸಿಟ್ಟು, ಭಯ, ಆಶ್ಚರ್ಯ, ಅಸಹ್ಯ ತೋರುವ ಮುಖಗಳ ಚಿತ್ರ ಕೊಟ್ಟು ಗುರುತಿಸಲು ಹೇಳುತ್ತಾರೆ. ಚಿಕ್ಕ ಕಥೆ ಓದಿ, “ಇದರಲ್ಲಿ ಯಾರಾದರೂ ಆಡಬಾರದ ಮಾತು ಆಡಿದರೇ? ಕೇಳಿದವರಿಗೆ ಏನನ್ನಿಸಿತು?” ಎಂದು ಕೇಳುತ್ತಾರೆ. ಆಗ ದಯವಿಟ್ಟು ನೀವು ಉತ್ತರ ಹೇಳಿಕೊಡಬೇಡಿ. ಕನ್ನಡಕ ಮರೆಯದೆ ತನ್ನಿ. ಕಣ್ಣು ಮಂಜಾದರೂ ಉತ್ತರ ತಪ್ಪಬಹುದು.

ಪರೀಕ್ಷೆಯೊಂದೇ ಸಾಲದು. ಮೊದಲು ಹೇಗಿದ್ದರು, ಯಾವಾಗ ಬದಲಾದರು ಎಂದು ಹೇಳಬೇಕಾದವರು ನೀವೇ. ರೋಗಿಯ ಎದುರು ಸಂಕೋಚವಾದರೆ ವೈದ್ಯರಿಗೆ ಪ್ರತ್ಯೇಕವಾಗಿ ತಿಳಿಸಿ. ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸುತ್ತಾರೆ.

ಇದನ್ನು ಪೂರ್ತಿ ವಾಸಿಮಾಡುವ ಔಷಧ ಇನ್ನೂ ಇಲ್ಲ. ಆದರೆ ರೋಗವೆಂದು ತಿಳಿದರೆ ಮನೆಯಲ್ಲಿ ಜಗಳ ನಿಲ್ಲುತ್ತದೆ, ಆರೈಕೆ ಶುರುವಾಗುತ್ತದೆ.