ಬಂಡೆ ಹತ್ತುವವರ ಸಣ್ಣ ಪತ್ರಿಕೆಗಳು



ಮಸೂತಿ, ತೆಲಗಿ, ಗೊಳಸಂಗಿ ಸೀಮೆಯ ಎರೆ ಹೊಲದಲ್ಲಿ ನಿಂತು ಬಂಡೆ ಹತ್ತುವ ಮಾತು ತೆಗೆದರೆ ಜನ ನಕ್ಕಾರು. ಇಲ್ಲಿ ಕಣ್ಣು ಹಾಯುವ ತನಕ ಜೋಳ, ತೊಗರಿ, ಕಡಲೆ. ಈಚಿನ ವರ್ಷಗಳಲ್ಲಿ ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿ. ಹತ್ತಲೇಬೇಕೆಂದರೆ ಬಣವಿ ಹತ್ತಬೇಕು, ಇಲ್ಲವೇ ಬೇವಿನ ಗಿಡ. ಆದರೆ ತೆಲಗಿಯಲ್ಲಿರುವ ಬಸವನಬಾಗೇವಾಡಿ ರೋಡ್ ಸ್ಟೇಷನ್ನಿನಲ್ಲಿ ಗದಗಿನ ಕಡೆಗೆ ಹೊರಟ ಗಾಡಿಯಲ್ಲಿ ಕೂತು ನೋಡಿ. ಆಲಮಟ್ಟಿಯ ಹತ್ತಿರ ಕೃಷ್ಣೆ ದಾಟುತ್ತೀರಿ, ಬಾಗಲಕೋಟೆ ಹಿಂದೆ ಬೀಳುತ್ತದೆ, ನೆಲ ಕೆಂಪಗಾಗುತ್ತದೆ, ಬಾದಾಮಿ ಬರುತ್ತದೆ. ಅಲ್ಲಿಯ ಮರಳುಗಲ್ಲಿನ ಕೆಂಪು ಗೋಡೆಗಳಿಗೆ, ಚಳಿಗಾಲ ಬಂತೆಂದರೆ, ಬೆಂಗಳೂರು ಪುಣೆಗಳಿಂದ ಹಿಡಿದು ಯುರೋಪಿನ ತನಕದ ಹುಡುಗ ಹುಡುಗಿಯರು ಹಗ್ಗ ಹೊತ್ತು ಬರುತ್ತಾರೆ.

ಅವರ ಸಾಹಸವನ್ನು ಹೊಗಳುವುದು ಇವತ್ತಿನ ನನ್ನ ಕೆಲಸವಲ್ಲ. ಆ ಸಾಹಸದ ಕಥೆಯನ್ನು ಅವರು ಹೇಗೆ ಹೇಳಿಕೊಳ್ಳುತ್ತಾರೆ, ಅದಕ್ಕಾಗಿ ಯಾರ ಹಂಗೂ ಇಲ್ಲದೆ ಪತ್ರಿಕೆ, ಪುಸ್ತಿಕೆಗಳನ್ನು ಹೇಗೆ ಅಚ್ಚು ಹಾಕಿಕೊಳ್ಳುತ್ತಾರೆ, ಅದಕ್ಕೂ ನಮಗೂ ಏನು ಸಂಬಂಧ ಎನ್ನುವುದು ಇವತ್ತಿನ ಮಾತು.

ಕುಸ್ತಿಗೆ ಕಣ ಉಂಟು, ತೀರ್ಪು ಹೇಳುವ ಹಿರಿಯರುಂಟು, ಹಲಗೆ ಬಡಿಯುವವರುಂಟು. ನಮ್ಮ ಜಾತ್ರೆಗಳಲ್ಲಿ ಒಬ್ಬ ಸಂಗ್ರಾಣಿ ಕಲ್ಲು ಎತ್ತಿದರೆ ಊರಿಗೆ ಊರೇ ಸಾಕ್ಷಿ. ಕಲ್ಲಿನ ತೂಕವೂ ಎಲ್ಲರಿಗೆ ಗೊತ್ತು. ಬಂಡೆ ಹತ್ತುವವರಿಗೆ ಇದ್ಯಾವುದೂ ಇಲ್ಲ. ಮೇಲೆ ಒಬ್ಬ ಹತ್ತುತ್ತಾನೆ, ಕೆಳಗೆ ಒಬ್ಬಳು ಹಗ್ಗ ಹಿಡಿದಿರುತ್ತಾಳೆ. ಬೆವರಿಗೆಂದು ಕೈಗೆ ಬಳಿದುಕೊಂಡ ಬಿಳಿ ಚಾಕ್ ಪುಡಿಯ ಗುರುತು ಮುಂದಿನ ಮಳೆಗೆ ತೊಳೆದುಹೋಗುತ್ತದೆ. ಇಳಿದು ಬಂದ ಮೇಲೆ, ಹತ್ತಿದ್ದು ನಿಜವೋ ಸುಳ್ಳೋ ಎಂದು ಬಂಡೆಯನ್ನು ಕೇಳುವಂತಿಲ್ಲ. ಹೇಳಿದ್ದೇ ದಾಖಲೆ.

ಒಂದು ದಾರಿಯನ್ನು ಮೊದಲು ಹತ್ತಿದವರೇ ಅದಕ್ಕೆ ಹೆಸರಿಡಬೇಕು, ಎಷ್ಟು ಕಠಿಣ ಎಂದು ಗ್ರೇಡು ಹೇಳಬೇಕು ಎನ್ನುವುದು ಈ ಆಟದ ಪದ್ಧತಿ. ಬಾದಾಮಿಯಲ್ಲಿ ‘ಗಣೇಶ’ ಎಂಬ ಹೆಸರಿನ ದಾರಿಯೊಂದಿದೆ. ಫ್ರೆಂಚ್ ಲೆಕ್ಕದಲ್ಲಿ ಅದಕ್ಕೆ 8ಬಿ ಪ್ಲಸ್ ಗ್ರೇಡು, ಅಂದರೆ ವರ್ಷಗಟ್ಟಲೆ ಮೈ ಪಳಗಿಸಿದವರಿಗೂ ಸುಲಭಕ್ಕೆ ಒಲಿಯದ ದಾರಿ. ಮುಂದೆ ಹತ್ತಿದವರು ಗ್ರೇಡನ್ನು ಒಪ್ಪಬಹುದು, ಇಳಿಸಬಹುದು, ಜಗಳವಾಡಬಹುದು. ಆ ಜಗಳವೆಲ್ಲ ಬಹುಕಾಲ ನಡೆದದ್ದು ಅಚ್ಚಿನ ಹಾಳೆಯ ಮೇಲೆ. ಹೀಗಾಗಿ ಈ ಜನರಲ್ಲಿ ಪತ್ರಿಕೆ ಎಂದರೆ ಹೊತ್ತು ಕಳೆಯುವ ಓದಲ್ಲ. ಅದೇ ಅವರ ಪಂಚಾಯಿತಿ ಕಟ್ಟೆ.

ಇಂಥ ಪಂಚಾಯಿತಿಗಳಲ್ಲಿ ಅತಿ ದೊಡ್ಡದು ದಕ್ಷಿಣ ಅಮೆರಿಕದ ಸೆರೊ ಟೊರೆ ಎಂಬ ಶಿಖರದ್ದು. ಮೂರು ಸಾವಿರ ಮೀಟರ್ ಮೀರಿದ, ಸೂಜಿಯಂತೆ ನೆಟ್ಟಗೆ ನಿಂತ ಕಲ್ಲು. 1959ರಲ್ಲಿ ಇಟಲಿಯ ಚೆಸಾರೆ ಮಾಯೆಸ್ತ್ರಿ ಎಂಬಾತ ತಾನೂ ಆಸ್ಟ್ರಿಯದ ಟೋನಿ ಎಗ್ಗರ್‌ನೂ ಅದರ ತುದಿ ಮುಟ್ಟಿದೆವು ಎಂದ. ಇಳಿಯುವಾಗ ಹಿಮ ಕುಸಿದು ಎಗ್ಗರ್ ಸತ್ತ, ಫೋಟೋ ತೆಗೆದ ಕ್ಯಾಮೆರಾ ಅವನೊಂದಿಗೇ ಹೋಯಿತು ಎಂದ. ಸತ್ತ ಗೆಳೆಯನ ಹೆಸರು ನಡುವೆ ಇರುವಾಗ ಸಾಕ್ಷಿ ಕೇಳುವುದಾದರೂ ಹೇಗೆ? ಜಗತ್ತು ನಂಬಿತು. ಹತ್ತು ವರ್ಷ ಕಳೆದು, ಇಂಗ್ಲೆಂಡಿನಲ್ಲಿ ಕೆನ್ ವಿಲ್ಸನ್ 1969ರಲ್ಲಿ ಶುರು ಮಾಡಿದ ‘ಮೌಂಟನ್’ ಪತ್ರಿಕೆ ಈ ಕಥೆಯನ್ನು ಎಳೆ ಎಳೆಯಾಗಿ ಬಿಡಿಸತೊಡಗಿತು. ಯಾವ ದಿನ ಎಲ್ಲಿದ್ದಿರಿ, ಹಗ್ಗ ಎಲ್ಲಿ ಕಟ್ಟಿದಿರಿ, ಬಂಡೆ ಹೇಗಿತ್ತು ಎಂದು ಕೇಳಿತು. ಸಿಟ್ಟಿಗೆದ್ದ ಮಾಯೆಸ್ತ್ರಿ ಅಷ್ಟರಲ್ಲೇ, 1970ರಲ್ಲಿ, ಪೆಟ್ರೋಲಿನ ಕಂಪ್ರೆಸರ್ ಹೊತ್ತೊಯ್ದು ಅದೇ ಶಿಖರದ ಮತ್ತೊಂದು ಮೈಗೆ ನೂರಾರು ಬೋಲ್ಟು ಕೊರೆದಿದ್ದ. ಅದು ಹೆಸರು ಉಳಿಸುವ ಬದಲು ಇನ್ನಷ್ಟು ಕೆಡಿಸಿತು. 2004ರಲ್ಲಿ ರೊಲಾಂಡೊ ಗರಿಬೊಟ್ಟಿ ಎಂಬ ಆರೋಹಿ ‘ಅಮೆರಿಕನ್ ಆಲ್ಪೈನ್ ಜರ್ನಲ್’ನಲ್ಲಿ ದೀರ್ಘ ಲೇಖನ ಬರೆದು ಹಳೆಯ ಹೇಳಿಕೆಗಳನ್ನೆಲ್ಲ ಒರೆಗೆ ಹಚ್ಚಿದ, ಮರುವರ್ಷ ಇಬ್ಬರು ಸಂಗಾತಿಗಳೊಡನೆ ಅದೇ ದಿಕ್ಕಿನಿಂದ ತಾನೇ ಹತ್ತಿ, ಕೆಳಭಾಗ ದಾಟಿದ ಮೇಲೆ ಮಾಯೆಸ್ತ್ರಿ ಹೋದ ಯಾವ ಕುರುಹೂ ಇಲ್ಲ ಎಂದ. ಈಗ ಮೊದಲ ಆರೋಹಣದ ಮನ್ನಣೆ 1974ರಲ್ಲಿ ಹತ್ತಿದ ಇಟಲಿಯ ಇನ್ನೊಂದು ತಂಡಕ್ಕೆ ಸೇರಿದೆ. ಸರ್ಕಾರ, ನ್ಯಾಯಾಲಯ ಯಾವುದೂ ನಡುವೆ ಬರಲಿಲ್ಲ. ಆರೋಹಿಗಳಷ್ಟೇ ಓದುವ ಹಾಳೆಗಳು ಈ ತೀರ್ಪು ಕೊಟ್ಟವು.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಇಬ್ಬರು ಹೆಂಗಸರ ಕಥೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಎಂಬ ಗುಡ್ಡಗಾಡಿನ ಊರಲ್ಲಿ ಜೀನ್ ಕ್ರೆನ್‌ಶಾ ಮತ್ತು ಹೆಲೆನ್ ಕಿಲ್‌ನೆಸ್ ಎಂಬ ಗೆಳತಿಯರು ‘ಸಮಿಟ್’ ಎಂಬ ಮಾಸಿಕ ತೆಗೆದರು. ಅಮೆರಿಕದಲ್ಲಿ ಆರೋಹಿಗಳಿಗೆಂದೇ ಬಂದ ಮೊದಲ ಮಾಸಿಕ ಅದು. ಅದಕ್ಕೂ ಮೊದಲು ಇದ್ದದ್ದು ಸಂಘಗಳ ಸಂಚಿಕೆಗಳು. ಲಂಡನ್ನಿನ ‘ಆಲ್ಪೈನ್ ಜರ್ನಲ್’ 1863ರದು, ನಮ್ಮ ದೇಶದ ‘ಹಿಮಾಲಯನ್ ಜರ್ನಲ್’ 1929ರದು; ಎರಡೂ ಘನವಾದವು, ಎರಡೂ ಸದಸ್ಯರ ಗತ್ತಿನವು. ಈ ಗೆಳತಿಯರಿಗೆ ಸಂಘವೂ ಇಲ್ಲ, ಧಣಿಯೂ ಇಲ್ಲ. ಸಂಪಾದಕಿ ಹೆಂಗಸು ಎಂದು ತಿಳಿದರೆ ಗಂಡಸರು ಪತ್ರಿಕೆ ಮುಟ್ಟಲಿಕ್ಕಿಲ್ಲ ಎಂಬ ಅಂಜಿಕೆಯಿಂದ ಪೂರ್ತಿ ಹೆಸರು ಹಾಕದೆ ಬರೀ ಇನಿಷಿಯಲ್ ಹಾಕುತ್ತಿದ್ದರು. ಹಾಗೇ ಮೂರು ದಶಕ ಮೀರಿ ನಡೆಸಿದರು. ಆ ಪತ್ರಿಕೆಯ ಪುಟಗಳಲ್ಲಿ ಬೆಳೆದವರು ಮುಂದೆ ಆ ದೇಶದ ಹೆಸರಾಂತ ಆರೋಹಿಗಳಾದರು.

ಇನ್ನೊಂದು ವಿಚಿತ್ರ ನೋಡಿ. ಈ ಆಟದ ನೀತಿಯನ್ನೇ ತಿರುಗಿಸಿದ ಬರಹ ಬಂದದ್ದು ಸಾಮಾನು ಮಾರುವ ಒಂದು ಕ್ಯಾಟಲಾಗಿನಲ್ಲಿ. ಆ ಕಾಲದ ಆರೋಹಿಗಳು ಬಂಡೆಯ ಬಿರುಕಿಗೆ ಉಕ್ಕಿನ ಮೊಳೆ ಬಡಿದು, ಅದಕ್ಕೆ ಹಗ್ಗ ಸಿಕ್ಕಿಸಿ ಹತ್ತುತ್ತಿದ್ದರು. ಬಡಿದು ಕಿತ್ತು, ಕಿತ್ತು ಬಡಿದು ಬಿರುಕುಗಳು ಬಾಯಿ ಬಿಟ್ಟವು. ಆ ಮೊಳೆಗಳ ದೊಡ್ಡ ವ್ಯಾಪಾರಿ ಇವಾನ್ ಶುಯ್‌ನಾರ್ಡ್. 1972ರ ತನ್ನ ಕ್ಯಾಟಲಾಗಿನಲ್ಲಿ ಅವನು ಮೊಳೆ ಬಿಡಿ, ಕೈಯಿಂದಲೇ ಸಿಕ್ಕಿಸಿ ಕೈಯಿಂದಲೇ ತೆಗೆಯುವ ಲೋಹದ ಬೆಣೆ ಬಳಸಿ ಎಂದು ಹೇಳಿದ. ಡಗ್ ರಾಬಿನ್ಸನ್ ಎಂಬವನಿಂದ ಆ ಕುರಿತು ಉದ್ದನೆಯ ಪ್ರಬಂಧವನ್ನೂ ಬರೆಸಿ ಅದರಲ್ಲೇ ಅಚ್ಚು ಹಾಕಿಸಿದ. ಸ್ವಂತ ಅಂಗಡಿಯ ಮಾಲಿಗೆ ತಾನೇ ಕಲ್ಲು ಹಾಕಿಕೊಂಡ ವ್ಯಾಪಾರಿ ಅಪರೂಪ. ಕೆಲವೇ ವರ್ಷಗಳಲ್ಲಿ ಸುತ್ತಿಗೆಯ ಸದ್ದು ಕಡಿಮೆಯಾಯಿತು.

ದೊಡ್ಡ ಪತ್ರಿಕೆಗಳು ಬೂಟು, ಜಾಕೆಟ್ಟುಗಳ ಜಾಹೀರಾತಿನ ಮೇಲೆ ಬದುಕುತ್ತವೆ. ಜಾಹೀರಾತು ಮೊಬೈಲಿಗೆ ಹೋದಾಗ ಅವು ಒಂದೊಂದಾಗಿ ಮುದ್ರಣ ನಿಲ್ಲಿಸಿದವು. ಸಣ್ಣವು ಉಳಿದವು. ಅಮೆರಿಕದ ಲೂಕ್ ಮೆಹಾಲ್ 2010ರಲ್ಲಿ ‘ಕ್ಲೈಂಬಿಂಗ್ ಝೀನ್’ ಎಂದು ಒಂದು ಪುಸ್ತಿಕೆ ಶುರು ಮಾಡಿದ. ಝೀನ್ ಎಂದರೆ ಬರೆಯುವವರೇ ಪುಟ ಕಟ್ಟಿ, ತಾವೇ ಅಚ್ಚು ಹಾಕಿಸಿ, ತಾವೇ ಹಂಚುವ ಪತ್ರಿಕೆ. ಅದು ಇನ್ನೂ ನಡೆದಿದೆ. ನಿಂತು ಹೋಗಿದ್ದ ‘ಸಮಿಟ್’ ಕೂಡ 2024ರಲ್ಲಿ ಹೊಸ ಕೈಗಳಲ್ಲಿ ಮತ್ತೆ ಹೊರಬಂತು, ಅಗಲ ಹಾಳೆಯಲ್ಲಿ, ವರ್ಷಕ್ಕೆ ಎರಡೇ ಸಂಚಿಕೆ. ಹಣ ಮಾಡುವ ಆಸೆ ಇಟ್ಟುಕೊಂಡವರು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಚಂದಾದಾರರನ್ನು ನಂಬಿ ಕೂತವರು ಮಾತ್ರ ಬಾಳುತ್ತಾರೆ.

ಈಗ ನಮ್ಮ ಕಡೆ ಬರೋಣ. ಹಂಪಿಯ ಗ್ರಾನೈಟ್ ಗುಂಡುಗಳ ಮೇಲೆ ಹಗ್ಗವಿಲ್ಲದೆ, ಕೆಳಗೆ ದಪ್ಪ ಗಾದಿ ಹಾಸಿ ಹತ್ತುವ ಆಟಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. 2003ರಲ್ಲಿ ಅಮೆರಿಕದ ಕ್ರಿಸ್ ಶರ್ಮಾ ಮತ್ತವನ ಗೆಳೆಯರು ಅಲ್ಲಿ ಹತ್ತಿದ್ದನ್ನು ತೋರಿಸುವ ‘ಪಿಲ್ಗ್ರಿಮೇಜ್’ ಎಂಬ ಚಿತ್ರ ಬಂತು. ಜಗತ್ತಿನ ಆರೋಹಿಗಳ ನಕಾಶೆಯಲ್ಲಿ ಹಂಪಿ ಕಾಣಿಸಿಕೊಂಡಿತು. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆ ಅವರ ಬಿಡಾರವಾಯಿತು. ಯಾವ ಗುಂಡನ್ನು ಯಾರು ಹತ್ತಿದರು, ಯಾವ ಹೆಸರಿಟ್ಟರು ಎಂಬ ಮಾತೆಲ್ಲ ಸಂಜೆ ಅಲ್ಲಿಯ ಚಹಾದ ಮೇಜಿನ ಸುತ್ತ ನಡೆಯುತ್ತಿತ್ತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ, ಪಾರಂಪರಿಕ ವಲಯದಲ್ಲಿ ನಿಯಮ ಮೀರಿ ಕಟ್ಟಿದ್ದ ಅಲ್ಲಿಯ ಹೋಟೆಲುಗಳನ್ನು ಕೆಡವಿದರು. ತೀರ್ಪಿನ ಸರಿತಪ್ಪು ಬೇರೆ ವಿಷಯ. ಬರೀ ಬಾಯಲ್ಲಿ ಇದ್ದ ಚರಿತ್ರೆಗೆ ಕೂತು ಮಾತಾಡುವ ಜಾಗವೂ ಹೋದರೆ ಏನಾಗುತ್ತದೆ ಎಂಬುದನ್ನು ಮಾತ್ರ ನಾವು ಗಮನಿಸಬೇಕು.

ಚಿತ್ರದುರ್ಗದ ಜ್ಯೋತಿರಾಜ್, ಜನ ಕೋತಿರಾಜ್ ಎಂದು ಕರೆಯುವ ಆ ಮನುಷ್ಯ, ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಹತ್ತುವುದನ್ನು ಟಿ.ವಿ.ಯಲ್ಲಿ ನೀವೂ ನೋಡಿರಬಹುದು. ಉಡದ ಪಟ್ಟು ಎನ್ನುತ್ತೇವಲ್ಲ, ಅದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಕ್ಯಾಮೆರಾ ಅವನ ಬೆನ್ನು ತೋರಿಸುತ್ತದೆ. ಬೆರಳು ಯಾವ ಸಂದಿಯಲ್ಲಿ ಹೋಯಿತು, ಎಲ್ಲಿ ಎದೆ ನಡುಗಿತು, ಎಲ್ಲಿ ಹಿಂದೆ ಸರಿದ ಎನ್ನುವುದು ಬರೆದರೆ ಮಾತ್ರ ತಿಳಿಯುತ್ತದೆ.

ಬಾದಾಮಿಯ ಬಂಡೆಗೆ ಬರಹ ಹೊಸದೇನಲ್ಲ. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು. ಸುಮಾರು 700ರ ಹೊತ್ತಿಗೆ ಕಪ್ಪೆ ಅರಭಟ್ಟನೆಂಬ ವೀರನ ಸ್ವಭಾವವನ್ನು ಕನ್ನಡ ತ್ರಿಪದಿಯಲ್ಲಿ ಅಲ್ಲಿಯ ಬಂಡೆಗೇ ಕೆತ್ತಿದರು. ಅವನು ರಾಜನಲ್ಲ, ದಾನದ ಲೆಕ್ಕವೂ ಅಲ್ಲಿಲ್ಲ. ಒಬ್ಬ ಮನುಷ್ಯ ಎಂಥವನಿದ್ದ ಎಂಬ ಕಥೆಯಷ್ಟೇ. ಈಗ ಅದೇ ಬಂಡೆಗಳ ಮೇಲೆ ನಡೆಯುವ ಆಟದ ಮಾತು ಬಹುಪಾಲು ಇಂಗ್ಲಿಷಿನಲ್ಲಿ, ಫ್ರೆಂಚಿನಲ್ಲಿ ಇದೆ. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ಶಿಬಿರಗಳಲ್ಲಿ ಹಗ್ಗ ಕಟ್ಟುವುದನ್ನು ಕಲಿತ ನಮ್ಮ ಕನ್ನಡದ ಹುಡುಗರು ಎಷ್ಟೋ ಮಂದಿ ಇದ್ದಾರೆ. ಹೊರಗಿನವರ ಪುಸ್ತಕದಲ್ಲಿ ಅವರು ಬಂದರೆ, ದಾರಿ ತೋರಿದ ಹುಡುಗರಾಗಿ ಬರುತ್ತಾರೆ, ಅಷ್ಟೇ.

ಇದನ್ನು ಸರಿಪಡಿಸುವ ಬಗೆಯನ್ನು ಅಮೆರಿಕದಿಂದ ಕಲಿಯಬೇಕಾಗಿಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕೂಡಿಸಿದರು, 1923ರಲ್ಲಿ ‘ವಚನ ಶಾಸ್ತ್ರ ಸಾರ’ ಹೊರತಂದರು. ಪರರ ಮುದ್ರಣಾಲಯದ ಬಾಗಿಲು ಕಾಯುವುದು ಬೇಡವೆಂದು ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಹರಿದ ಕೋಟು ತೊಟ್ಟು ದಶಕಗಳ ಕಾಲ ನಡೆಸಿದರು. ವಚನಗಳು ಇವತ್ತು ನಮ್ಮ ಬಾಯಲ್ಲಿರುವುದಕ್ಕೆ ಆ ಸಣ್ಣ ಪತ್ರಿಕೆ ದೊಡ್ಡ ಕಾರಣ.

ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಧೂಲಾಸಾಹೇಬ ಎಂಬ ಗೆಳೆಯರು ಬೀಸುವ ಕಲ್ಲಿನ ಪಕ್ಕ ಕೂತು ಹೆಣ್ಣುಮಕ್ಕಳ ಹಾಡು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು; ಆಮೇಲೆ ಲಾವಣಿಗಳ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ವಿಶ್ವವಿದ್ಯಾಲಯಗಳು ಜಾನಪದದ ಹೆಸರು ಎತ್ತುವ ಮೊದಲೇ, ಒಂದು ಹಳ್ಳಿಯ ಗೆಳೆಯರ ಗುಂಪು ಈ ಕೆಲಸ ಮಾಡಿತು. ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುವ ವಿದ್ಯೆಯನ್ನು ಅದೇ ವಿದ್ಯೆಯವರ ಮಾತಿನಲ್ಲಿ ಅಚ್ಚಿಗೆ ತರುವ ಕೆಲಸ ಅದು. ಬಂಡೆ ಹತ್ತುವುದೂ ಅಂಥ ವಿದ್ಯೆಯೇ.

ಈ ವಿದ್ಯೆಯನ್ನೂ ಕನ್ನಡದ ಒಂದು ಸಣ್ಣ ಪುಸ್ತಿಕೆಯಲ್ಲಿ ಅಚ್ಚಿಗೆ ತರಬೇಕು. ಆದರೆ ಅದರಲ್ಲಿ ಬರೀ ಜಂಬದ ಕಥೆ ಬಂದರೆ ಓದುವವರಿಲ್ಲ. ಅಮೆರಿಕದ ಆರೋಹಿಗಳ ಸಂಘ 1948ರಿಂದ ಪ್ರತಿ ವರ್ಷ ಅಪಘಾತಗಳದ್ದೇ ಒಂದು ವರದಿ ಅಚ್ಚು ಹಾಕುತ್ತದೆ: ಗಂಟು ಯಾಕೆ ಬಿಚ್ಚಿತು, ಹಗ್ಗ ಯಾಕೆ ಸಾಲಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಸಾಹಿತ್ಯದಲ್ಲಿ ಅತಿ ಬೆಲೆಯುಳ್ಳ ಬರಹ ಅದು, ಅದಕ್ಕೆ ಕಥೆಯ ಅಲಂಕಾರ ಇಲ್ಲದಿದ್ದರೂ. ನಮ್ಮಲ್ಲಿ ಬರೆಯಬೇಕಾದದ್ದು ಬೇರೆಯೂ ಇದೆ. ಮಳೆ ಬಿದ್ದು ಹಸಿಯಾದ ಮರಳುಗಲ್ಲು ಬಲ ಕಳೆದುಕೊಳ್ಳುತ್ತದೆ, ಹಿಡಿದ ಅಂಚು ಮುರಿದು ಕೈಗೆ ಬರುತ್ತದೆ; ಒಣಗುವ ತನಕ ಹತ್ತಬಾರದು. ಹೆಜ್ಜೇನು ಕಟ್ಟಿದ ಗೋಡೆಯ ಹತ್ತಿರ ಸುಳಿಯಬಾರದು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಲ್ಲಿಗೆ ಬೋಲ್ಟು ಕೊರೆಯುವ ಮಾತೇ ಇಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅಲ್ಲಿ ಹಕ್ಕಿಯ ಹಕ್ಕು ಮೊದಲು. ಇದನ್ನೆಲ್ಲ ಊರವರೂ ಓದುವ ಭಾಷೆಯಲ್ಲಿ ಬರೆದರೆ, ಹಗ್ಗ ಹೊತ್ತು ಬಂದವರನ್ನು ಕಂಡಾಗ ಊರಿಗೆ ಹುಟ್ಟುವ ಅನುಮಾನವೂ ಕಡಿಮೆಯಾದೀತು.

ಕೆಲಸ ದೊಡ್ಡದಲ್ಲ. ಒಂದು ಹಾಳೆ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ನಡುವೆ ಎರಡು ಪಿನ್ನು ಹೊಡೆದರೆ ಪುಸ್ತಿಕೆ. ಬಾಗಲಕೋಟೆ, ವಿಜಯಪುರ, ಗದಗ ಎಲ್ಲ ಕಡೆ ಲಗ್ನಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯಗಳಿವೆ. ಲಗ್ನದ ಸುಗ್ಗಿ ಮುಗಿದ ಮೇಲೆ ಅವರ ಯಂತ್ರಕ್ಕೂ ಬಿಡುವು ಇರುತ್ತದೆ.

ಕೇಳುಗರೇ, ನಿಮ್ಮ ಮನೆಯಲ್ಲಿ, ನಿಮ್ಮ ಕಾಲೇಜಿನಲ್ಲಿ ಬಾದಾಮಿಯ ಶಿಬಿರಕ್ಕೆ ಹೋಗಿ ಬಂದ ಹುಡುಗ ಹುಡುಗಿಯರಿದ್ದರೆ ಅವರನ್ನು ಕೂಡಿಸಿ ಮಾತಾಡಿಸಿ. ಯಾವ ಬಂಡೆ, ಯಾವ ವರ್ಷ, ಹಗ್ಗ ಹಿಡಿದವರು ಯಾರು, ಎಲ್ಲಿ ಕೈ ಜಾರಿತು ಎಂದು ಅವರದೇ ಮಾತಿನಲ್ಲಿ ಬರೆಸಿ, ಅವರ ಹೆಸರಿನಲ್ಲೇ ಅಚ್ಚು ಹಾಕಿಸಿ. ಒಂದು ಪ್ರತಿ ಬಾದಾಮಿಯ ಗ್ರಂಥಾಲಯಕ್ಕೆ ಕೊಡಿ, ಒಂದು ನಿಮ್ಮೂರಿನದಕ್ಕೆ.