ರಾತ್ರಿ ಏಳುವ ಕೂಸು, ದಣಿದ ತಾಯಿತಂದೆ

ಬೆಲ್ಲದ ಬಾಗೇವಾಡಿ ಹಾಗೂ ಸುತ್ತಲಿನ ಗ್ರಾಮಗಳ ಸೋದರ ಸೋದರಿಯರೇ,

ಕುಟುಂಬ ಕಲ್ಯಾಣ ಎಂದೊಡನೆ ಗುಳಿಗೆ, ವಂಕಿ, ಶಸ್ತ್ರಚಿಕಿತ್ಸೆ ಇವಿಷ್ಟೇ ನಮ್ಮ ನೆನಪಿಗೆ ಬರುವುದು ವಾಡಿಕೆ. ಆದರೆ ಅನೇಕ ಮನೆಗಳಲ್ಲಿ ಕುಟುಂಬದ ನೆಮ್ಮದಿಯು ಕದಡುವುದು ನಡುರಾತ್ರಿ ಎರಡು ಗಂಟೆಯ ಹೊತ್ತಿಗೆ. ಮಗು ಮೇಲಿಂದ ಮೇಲೆ ಎಚ್ಚರಗೊಳ್ಳುತ್ತದೆ. ತಾಯಿಗೆ ಕಣ್ಣು ಮುಚ್ಚಲು ಅವಕಾಶವಿಲ್ಲ. ತಂದೆಗೆ ಬೆಳಗಿನ ದುಡಿಮೆ ಕಾದಿರುತ್ತದೆ. ಮನೆಯ ಹಿರಿಯರು ಒಬ್ಬೊಬ್ಬರು ಒಂದೊಂದು ಮದ್ದು ಸೂಚಿಸುತ್ತಾರೆ. ಇಂಥ ಸಂದರ್ಭದಲ್ಲಿ ದಂಪತಿಗಳು ಏನು ಮಾಡಬೇಕು, ಯಾವುದನ್ನು ಎಂದಿಗೂ ಮಾಡಬಾರದು ಎಂಬುದೇ ನನ್ನ ಇಂದಿನ ಭಾಷಣದ ವಿಷಯ.

ಮೊದಲು ಮಗು ಏಕೆ ಏಳುತ್ತದೆಂಬುದನ್ನು ತಿಳಿಯೋಣ. ನವಜಾತ ಶಿಶುವು ದಿನದ 24 ಗಂಟೆಗಳಲ್ಲಿ ಸುಮಾರು 14ರಿಂದ 17 ಗಂಟೆ ನಿದ್ರಿಸುತ್ತದೆ. ಆದರೆ ಆ ನಿದ್ದೆ ತುಂಡು ತುಂಡಾಗಿರುತ್ತದೆ. ಹಗಲು ಯಾವುದು, ರಾತ್ರಿ ಯಾವುದು ಎಂಬ ಅರಿವು ಅದರ ದೇಹಕ್ಕೆ ಇನ್ನೂ ಬಂದಿರುವುದಿಲ್ಲ. ಆ ಅರಿವು ಮೂಡುವುದು ಎರಡರಿಂದ ನಾಲ್ಕು ತಿಂಗಳ ಅವಧಿಯಲ್ಲಿ. ಇದಲ್ಲದೆ ಶಿಶುವಿನ ಜಠರ ಅತಿ ಚಿಕ್ಕದು. ಎದೆಹಾಲು ಬೇಗ ಜೀರ್ಣವಾಗುವ ಆಹಾರ. ಆದುದರಿಂದ ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಬೇಡುವುದು, ಅದರಲ್ಲಿ ಕೆಲವು ಸಲ ರಾತ್ರಿಯೇ ಬೇಡುವುದು ಸಹಜವಾದುದು. ಇದು ರೋಗವಲ್ಲ, ದೃಷ್ಟಿದೋಷವೂ ಅಲ್ಲ. ತಾಯಿಯ ಹಾಲು ಸಾಲದೆಂಬುದಕ್ಕೆ ಸಾಕ್ಷಿಯೂ ಅಲ್ಲ. ಮಗುವಿನ ತೂಕ ಏರುತ್ತಿದ್ದರೆ, ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ, ಹಾಲು ಸಾಕಾಗುತ್ತಿದೆಯೆಂದು ಧೈರ್ಯ ತಾಳಬಹುದು.

ಇನ್ನು ಅಳು. ಬಹುತೇಕ ಶಿಶುಗಳಲ್ಲಿ ಅಳುವಿಕೆಯು ಎರಡನೆಯ ವಾರದ ಸುಮಾರಿಗೆ ಹೆಚ್ಚತೊಡಗಿ, ಆರನೆಯ ವಾರದ ಹೊತ್ತಿಗೆ ಗರಿಷ್ಠ ಮಟ್ಟಕ್ಕೇರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ತಗ್ಗುತ್ತದೆ. ದೀಪ ಹಚ್ಚುವ ಹೊತ್ತಿನಿಂದ ಆರಂಭವಾಗುವ ಈ ಅಳು ತಾಯಿತಂದೆಯರನ್ನು ಕಂಗೆಡಿಸುತ್ತದೆ. ಆದರೆ ಇದಕ್ಕೊಂದು ಕೊನೆಯುಂಟೆಂದು ತಿಳಿದಿದ್ದರೆ ಸಹಿಸುವ ಶಕ್ತಿ ತಾನಾಗಿ ಬರುತ್ತದೆ.

ರಾತ್ರಿಯ ಹಾಲೂಡಿಕೆಯಿಂದ ಲಾಭವೂ ಉಂಟು. ಹಾಲನ್ನು ಉತ್ಪತ್ತಿ ಮಾಡುವ ರಸದೂತವು ತಾಯಿಯ ರಕ್ತದಲ್ಲಿ ರಾತ್ರಿ ವೇಳೆಯೇ ಹೆಚ್ಚಾಗಿರುತ್ತದೆ. ರಾತ್ರಿ ಹಾಲು ಕುಡಿಸುವುದರಿಂದ ಹಗಲಿನ ಹಾಲೂ ಬತ್ತದೆ ಉಳಿಯುತ್ತದೆ. ಮತ್ತೊಂದು ಮುಖ್ಯ ಸಂಗತಿ: ಮಗುವಿಗೆ ಆರು ತಿಂಗಳು ತುಂಬಿರಬಾರದು, ನೀರನ್ನೂ ಕೊಡದೆ ಕೇವಲ ಎದೆಹಾಲನ್ನೇ ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಅಂತರವಿಲ್ಲದಂತೆ ಉಣಿಸುತ್ತಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಈ ಮೂರೂ ಒಟ್ಟಿಗೆ ಇದ್ದಲ್ಲಿ ಮರುಗರ್ಭ ನಿಲ್ಲುವ ಸಂಭವವು ನೂರಕ್ಕೆ ಎರಡಕ್ಕಿಂತ ಕಡಿಮೆ. ಮೂರರಲ್ಲಿ ಒಂದು ತಪ್ಪಿದರೂ ಈ ರಕ್ಷಣೆಯನ್ನು ನೆಚ್ಚುವಂತಿಲ್ಲ. ಆಗ ಕೂಡಲೇ ಬೇರೆ ಸಾಧನವನ್ನು ಅವಲಂಬಿಸಬೇಕು.

ಈಗ ನಮ್ಮ ಸೀಮೆಯ ಪರಿಸ್ಥಿತಿಯನ್ನು ನೋಡೋಣ. ಘಟಪ್ರಭೆ, ಹಿರಣ್ಯಕೇಶಿಗಳ ನೀರುಂಡ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳು ಕಬ್ಬಿನ ನಾಡು. ನಮ್ಮ ಊರಂತೂ ಬೆಲ್ಲವನ್ನು ಹೆಸರಿನಲ್ಲೇ ಹೊತ್ತಿದೆ. ಮೊದಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಅಲ್ಲಿ ಅವಳ ತಾಯಿ, ಅಕ್ಕತಂಗಿಯರು ಕೂಸನ್ನೆತ್ತಿಕೊಳ್ಳುತ್ತಾರೆ. ಬಾಣಂತಿ ಹಗಲಿನಲ್ಲಾದರೂ ಮಲಗುತ್ತಾಳೆ. ಮೂರು, ನಾಲ್ಕು ಅಥವಾ ಐದು ತಿಂಗಳಿಗೆ ಅವಳು ಗಂಡನ ಮನೆಗೆ ಮರಳುತ್ತಾಳೆ. ನಿಜವಾದ ದಣಿವು ತೊಡಗುವುದು ಇಲ್ಲಿಂದ. ಆ ವಯಸ್ಸಿನಲ್ಲಿ ಮಗುವಿನ ನಿದ್ದೆಯ ಕ್ರಮವೇ ಬದಲಾಗುತ್ತಿರುತ್ತದೆ. ಸ್ಥಳ ಹೊಸದು, ಮುಖಗಳು ಹೊಸವು. ತವರಿನಲ್ಲಿ ಒಂದೆರಡು ಸಲ ಏಳುತ್ತಿದ್ದ ಕೂಸು ಇಲ್ಲಿ ನಾಲ್ಕು ಸಲ ಏಳಬಹುದು. ಅದೇ ಸಮಯಕ್ಕೆ ತಾಯಿಯ ಮೇಲೆ ನೀರು ತರುವುದು, ರೊಟ್ಟಿ ಬಡಿಯುವುದು, ದನಕರುಗಳ ಚಾಕರಿ ಎಲ್ಲವೂ ಬಂದು ಬೀಳುತ್ತವೆ. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಎದ್ದು ಹಾಲುಣಿಸಿದವಳು ಐದಕ್ಕೆ ಒಲೆ ಹೊತ್ತಿಸಬೇಕಾದರೆ, ಅವಳು ಒಟ್ಟಿಗೆ ಎರಡು ಗಂಟೆಯೂ ನಿದ್ರಿಸಿರುವುದಿಲ್ಲ.

ತಂದೆಯ ಪಾಡೂ ಸುಲಭವಲ್ಲ. ಪಂಪಸೆಟ್ಟಿಗೆ ವಿದ್ಯುತ್ತು ಅನೇಕ ವೇಳೆ ರಾತ್ರಿ ಪಾಳಿಯಲ್ಲಿ ಬರುತ್ತದೆ. ಆಗ ಅವನು ಕಬ್ಬಿಗೆ ನೀರು ಹಾಯಿಸಲು ಹೊಲಕ್ಕೆ ಹೋಗಲೇಬೇಕು. ನಿದ್ದೆಗೆಟ್ಟವನು ಗಾಣಕ್ಕೆ ಕಬ್ಬು ಕೊಡುವಾಗ, ಕುದಿಯುವ ಕೊಪ್ಪರಿಗೆಯ ಬಳಿ ನಿಂತಾಗ, ತೇವದ ಕೈಯಿಂದ ಸ್ಟಾರ್ಟರ್ ಮುಟ್ಟುವಾಗ, ಕಬ್ಬು ತುಂಬಿದ ಟ್ರ್ಯಾಕ್ಟರ್ ನಡೆಸುವಾಗ ಕ್ಷಣಮಾತ್ರದ ತೂಕಡಿಕೆಯೂ ಕೈಗೆ, ಪ್ರಾಣಕ್ಕೆ ಎರವಾಗಬಲ್ಲದು. ಆದುದರಿಂದ ನಿದ್ದೆಯನ್ನು ಮನೆಯ ಆಸ್ತಿಯೆಂದು ತಿಳಿದು, ಹೊಲದ ನೀರಿನಂತೆಯೇ ಪಾಳಿ ಹಾಕಿ ಹಂಚಿಕೊಳ್ಳಬೇಕು.

ಹಂಚಿಕೊಳ್ಳುವುದು ಹೇಗೆ? ಹಾಲು ಕುಡಿಸುವುದು ತಾಯಿಯಿಂದ ಮಾತ್ರ ಸಾಧ್ಯ. ಉಳಿದ ಕೆಲಸಗಳು ತಂದೆಯಿಂದಲೂ ಆಗತಕ್ಕವು: ಮಗುವನ್ನೆತ್ತಿ ತಾಯಿಯ ಬಳಿ ತರುವುದು, ಕುಡಿದಾದ ಮೇಲೆ ಹೆಗಲಿಗೆ ಒರಗಿಸಿ ತೇಗು ಬರಿಸುವುದು, ಒದ್ದೆಬಟ್ಟೆ ಬದಲಿಸುವುದು, ಜೋಗುಳ ಹಾಡಿ ಮಲಗಿಸುವುದು. ಗಂಡಸು ಜೋಗುಳ ಹಾಡಿದರೆ ಮಾನ ಕಡಿಮೆಯಾಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಹಾಲುಣಿಸಿ ತಾಯಿ ಕೂಡಲೇ ಮಲಗಲಿ. ಮುಂದಿನ ಹಾಲಿನ ವೇಳೆಯವರೆಗೆ ಮಗುವಿನ ಸಣ್ಣಪುಟ್ಟ ಮಿಸುಕಾಟವನ್ನು ತಂದೆ ನೋಡಿಕೊಳ್ಳಲಿ. ನಡುರಾತ್ರಿಯ ನಂತರ ತಂದೆ ಮಲಗಲಿ. ನೀರಿನ ಪಾಳಿ ಇರುವ ರಾತ್ರಿ ಅತ್ತೆಯವರೋ ನಾದಿನಿಯೋ ಆ ಹೊಣೆ ಹೊರಲಿ. ಬೆಳಗಿನ ರೊಟ್ಟಿಯ ಕೆಲಸವನ್ನು ಕೆಲವು ತಿಂಗಳು ಬೇರೆಯವರು ವಹಿಸಿಕೊಂಡರೆ ತಾಯಿಗೆ ಒಂದು ಗಂಟೆ ನಿದ್ದೆ ಹೆಚ್ಚು ದೊರೆಯುತ್ತದೆ. ಹಗಲು ಮಗು ಮಲಗಿದಾಗ ಸೊಸೆಯೂ ಮಲಗಿದರೆ ಅದನ್ನು ಸೋಮಾರಿತನವೆಂದು ಎಣಿಸದಿರಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆನ್ನುತ್ತಾರೆ. ಆದರೆ ರಾತ್ರಿಯ ಪಾಳಿಯನ್ನು ಮಾತ್ರ ಕೂಸು ಹುಟ್ಟುವ ಮುನ್ನವೇ ಮಾತಾಡಿ ಗೊತ್ತುಮಾಡಿಕೊಳ್ಳುವುದು ಲೇಸು.

ಮಗುವಿಗೆ ಹಗಲುರಾತ್ರಿಗಳ ಭೇದವನ್ನು ಮೆಲ್ಲಗೆ ಕಲಿಸಬಹುದು. ಹಗಲಿನಲ್ಲಿ ಬೆಳಕು, ಮಾತು, ಆಟ ಇರಲಿ. ರಾತ್ರಿ ಹಾಲುಣಿಸುವಾಗ ಮಂದ ದೀಪವಿರಲಿ; ಮಾತು ಕಡಿಮೆ ಇರಲಿ; ಮೊಬೈಲಿನ ಬೆಳಕು ಬೇಡ. ಪ್ರತಿದಿನ ಒಂದೇ ಕ್ರಮದಲ್ಲಿ ಮೈ ಒರೆಸಿ, ಬಟ್ಟೆ ಬದಲಿಸಿ, ಹಾಲುಣಿಸಿ, ಹಾಡಿ ಮಲಗಿಸಿರಿ. ಕೂಸನ್ನು ಯಾವಾಗಲೂ ಬೆನ್ನ ಮೇಲೆ ಮಲಗಿಸಬೇಕು. ತೊಟ್ಟಿಲಲ್ಲಿ ದಿಂಬು, ದಪ್ಪ ಕೌದಿ, ಮುಖದ ಮೇಲೆ ಹೊದಿಕೆ ಇರಕೂಡದು. ಮದ್ಯ ಸೇವಿಸಿದವರು ಮಗುವಿನ ಪಕ್ಕದಲ್ಲಿ ಮಲಗಲೇಬಾರದು. ಮಗು ಮಲಗುವ ಕೋಣೆಯಲ್ಲಿ ಬೀಡಿ ಸೇದಬಾರದು. ಆರು ತಿಂಗಳು ತುಂಬಿದ ಮೇಲೆ ಮೆತ್ತಗಿನ ಅನ್ನಬೇಳೆ, ಗಂಜಿ ಮುಂತಾದ ಪೂರಕ ಆಹಾರವನ್ನು ಆರಂಭಿಸಬೇಕು. ಆದರೂ ಒಂದು ವರ್ಷದವರೆಗೆ ರಾತ್ರಿ ಒಮ್ಮೆ ಏಳುವ ಮಕ್ಕಳು ಅನೇಕರಿದ್ದಾರೆಂಬುದು ನೆನಪಿರಲಿ.

ಇನ್ನು ಮಾಡಬಾರದ ಸಂಗತಿ. ದಣಿದ ಮನಸ್ಸು ಸುಲಭದ ಮದ್ದನ್ನು ಅರಸುತ್ತದೆ. ಬೆಳಗಾವಿ ಜಿಲ್ಲೆಯು 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಆ ಮುಂಬಯಿ ನಗರದ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು 1920ರ ದಶಕದಲ್ಲಿ ತಮ್ಮ ಕೂಸುಗಳು ಮಲಗಿರಲೆಂದು ಅಫೀಮು ಬೆರೆತ ಬಾಲಗೋಲಿಗಳನ್ನು ನುಂಗಿಸುತ್ತಿದ್ದರು. ಅವರು ಕ್ರೂರಿಗಳಾಗಿರಲಿಲ್ಲ, ದಣಿದಿದ್ದರು, ಕೂಸನ್ನು ನೋಡಿಕೊಳ್ಳಲು ಮತ್ತೊಬ್ಬರಿರಲಿಲ್ಲ. ಅಫೀಮು ಶಿಶುವಿನ ಉಸಿರಾಟವನ್ನೇ ಕುಗ್ಗಿಸುತ್ತದೆ, ಹಸಿವನ್ನು ಮರೆಸುತ್ತದೆ. ಆ ಗೋಲಿಯ ಸ್ಥಾನದಲ್ಲಿ ಇಂದು ಕೆಮ್ಮಿನ ಔಷಧ, ನೆಗಡಿಯ ಔಷಧಗಳು ಬಂದಿವೆ. ನಿದ್ದೆ ಬರಲೆಂದು ಇವನ್ನು ಕೂಸಿಗೆ ಕೊಡುವುದು ಅಷ್ಟೇ ಅಪಾಯಕರ. ಆರು ತಿಂಗಳವರೆಗೆ ಬೆಲ್ಲದ ನೀರು, ಗ್ರೈಪ್ ವಾಟರ್, ತೇಯ್ದ ಬಜೆ, ಗುಟ್ಟಿ ಯಾವುದೂ ಬೇಡ. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೂ ಕೊಡಬಾರದು. ಅದರಲ್ಲಿರಬಹುದಾದ ಸೂಕ್ಷ್ಮಜೀವಿಯು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲದು.

ಎಷ್ಟೇ ಪ್ರೀತಿಯಿದ್ದರೂ ನಿದ್ದೆಗೆಟ್ಟವರಿಗೆ ಸಿಟ್ಟು ಬರುವುದುಂಟು. ಅದು ಬಂದಾಗ ಕೂಸನ್ನು ಹಿಡಿದು ಅಲುಗಾಡಿಸಬೇಡಿರಿ. ಕೂಸಿನ ಕತ್ತು ಬಲಹೀನ. ಜೋರಾಗಿ ಅಲುಗಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವವೇ ಹೋಗಬಹುದು, ಕಣ್ಣು ಹೋಗಬಹುದು. ಸಹನೆ ಮೀರುತ್ತಿದೆಯೆಂದು ತೋರಿದೊಡನೆ ಮಗುವನ್ನು ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿ, ಐದು ನಿಮಿಷ ಅಂಗಳಕ್ಕೆ ಬಂದು ನಿಲ್ಲಿರಿ, ಮುಖ ತೊಳೆಯಿರಿ, ಮತ್ತೊಬ್ಬರನ್ನು ಎಬ್ಬಿಸಿರಿ. ಸುರಕ್ಷಿತ ಸ್ಥಳದಲ್ಲಿ ಐದು ನಿಮಿಷ ಅತ್ತರೆ ಮಗುವಿಗೆ ಅಪಾಯವಿಲ್ಲ.

ಎಲ್ಲ ಅಳುವೂ ಸಹಜವಾದುದೆಂದು ಉದಾಸೀನ ಮಾಡಲೂಬಾರದು. ಮಗು ಹಾಲು ಕುಡಿಯದಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರು ವೇಗವಾಗಿದ್ದು ಎದೆಗೂಡು ಒಳಸೇದಿದರೆ, ಫಿಟ್ಸ್ ಬಂದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆತನ್ನಿರಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆಗಳ ರಾತ್ರಿ ತುಸು ಜ್ವರ, ಕಿರಿಕಿರಿ ಇರುವುದು ಸಾಮಾನ್ಯ. ಆಗ ಆರೋಗ್ಯ ಸಹಾಯಕಿ ಹೇಳಿದ ಪ್ರಮಾಣದಲ್ಲಿಯೇ ಜ್ವರದ ಔಷಧ ಕೊಡಿರಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು, ಅನಂತರ 3, 6, 9, 12, 15ನೆಯ ತಿಂಗಳುಗಳಲ್ಲಿ ಭೇಟಿ ಕೊಡಬೇಕೆಂಬ ನಿಯಮವಿದೆ. ಬಂದಾಗ ಮಗುವಿನ ನಿದ್ದೆಯ ಮಾತನ್ನೂ ತಾಯಿಯ ನಿದ್ದೆಯ ಮಾತನ್ನೂ ಅವಳೊಡನೆ ಸಂಕೋಚವಿಲ್ಲದೆ ಆಡಿರಿ.

ಗಂಡಂದಿರಿಗೆ ವಿಶೇಷವಾಗಿ ಒಂದು ಮಾತು. ಮಗು ಮಲಗಿದಾಗಲೂ ಹೆಂಡತಿಗೆ ನಿದ್ದೆ ಬಾರದಿದ್ದರೆ, ಎರಡು ವಾರ ಕಳೆದರೂ ಅವಳ ಕಣ್ಣೀರು ನಿಲ್ಲದಿದ್ದರೆ, ಕೂಸಿನ ಮೇಲೆ ಅಕ್ಕರೆಯೇ ಇಲ್ಲವೆಂದು ಅಥವಾ ಬದುಕೇ ಬೇಡವೆಂದು ನುಡಿದರೆ, ಅದನ್ನು ಗಾಳಿ ಸೋಕಿದ್ದೆಂದಾಗಲಿ ನಾಟಕವೆಂದಾಗಲಿ ತಿಳಿಯಬೇಡಿರಿ. ಹೆರಿಗೆಯ ನಂತರ ಬರುವ ಈ ಖಿನ್ನತೆಯು ಚಿಕಿತ್ಸೆಯಿಂದ ವಾಸಿಯಾಗತಕ್ಕ ಕಾಯಿಲೆ. ವೈದ್ಯರ ಬಳಿ ಕರೆತನ್ನಿರಿ. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ರಾತ್ರಿಯಲ್ಲೂ ಉಚಿತವಾಗಿ ಕರೆ ಮಾಡಬಹುದು.

ಕೊನೆಯದಾಗಿ, ಒಂದು ಕೂಸು ರಾತ್ರಿ ಏಳುತ್ತಿರುವಾಗಲೇ ಮತ್ತೊಂದು ಗರ್ಭ ನಿಂತರೆ ಆ ತಾಯಿಯ ಶರೀರ ಚೇತರಿಸಿಕೊಳ್ಳುವುದು ಎಂದಿಗೆ? ಒಂದು ಹೆರಿಗೆಯಿಂದ ಮತ್ತೊಂದಕ್ಕೆ ಮೂರು ವರ್ಷಗಳ ಅಂತರವಿರಲಿ. ವಂಕಿ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಅಂತರಾ ಚುಚ್ಚುಮದ್ದು, ಛಾಯಾ ಗುಳಿಗೆ, ನಿರೋಧ್ ಇವು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ದೊರೆಯುತ್ತವೆ. ಹಾಲುಣಿಸುವ ತಾಯಿಗೆ ಯಾವುದು, ಯಾವಾಗ ಹೊಂದುತ್ತದೆಂಬುದನ್ನು ದಂಪತಿಗಳು ಒಟ್ಟಿಗೆ ಬಂದು ಕೇಳಿ ತಿಳಿಯಿರಿ.

ಸೋದರ ಸೋದರಿಯರೇ, ರಾತ್ರಿ ಏಳುವ ಕೂಸು ಹಟಮಾರಿಯಲ್ಲ, ಅದು ಬೆಳೆಯುತ್ತಿದೆ. ಅದನ್ನು ಬೆಳೆಸುವ ದಣಿವು ಒಬ್ಬಳ ಪಾಲಿಗೇ ಬೀಳದಂತೆ ನೋಡಿಕೊಳ್ಳುವುದು ಮನೆಯ ಎಲ್ಲರ ಕರ್ತವ್ಯ. ಇಂದು ರಾತ್ರಿ ಮಗು ಎದ್ದಾಗ ಮೊದಲು ಯಾರು ಏಳಬೇಕೆಂಬುದನ್ನು ಊಟಕ್ಕೆ ಕುಳಿತಾಗಲೇ ಮಾತಾಡಿಕೊಳ್ಳಿರಿ.